ದಿವಾನ್ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಚರಿತ್ರವು

ಶ್ರೀಮಠದ ಮಹೋತ್ಸವದ ಈ ಸ್ಮರಣ ಸಂಪುಟದಲ್ಲಿ ಪೂಜ್ಯ ಗುರುವರ್ಯರ ಚರಿತ್ರೆಗಳೂ ಶರಣರ ಮಹಿಮೆಗಳೂ ಬರುವುದು ಸಹಜವಾದುದು. ಅವುಗಳ ನಡುವೆ ಕಲ್ಲು ಗಾರೆಗಳ ಕೆಲಸದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದು, ಬಳಿಕ ರಾಜ್ಯಭಾರದ ನೊಗಕ್ಕೆ ಹೆಗಲು ಕೊಟ್ಟ ಒಬ್ಬ ಇಂಜಿನಿಯರರ ಚರಿತ್ರವೇಕೆಂದು ಕೆಲವು ಸದ್ಭಕ್ತರು ಕೇಳಬಹುದು. ಅದಕ್ಕೆ ಎರಡು ಕಾರಣಗಳುಂಟು. ಕಾಯಕವನ್ನು ಪೂಜೆಗೆ ಸಮನೆಂದು ತಿಳಿದ ಪರಂಪರೆ ನಮ್ಮದಾದುದರಿಂದ, ಕುಲಗೋತ್ರಗಳನ್ನು ಎಣಿಸದೆ ಕಾಯಕನಿಷ್ಠರನ್ನು ಸ್ಮರಿಸುವುದು ನಮಗೆ ಧರ್ಮವೇ ಆಗಿರುವುದು. ಇದು ಮೊದಲನೆಯ ಕಾರಣವು. ಈ ಮಹನೀಯರು ಮೈಸೂರಿನ ದಿವಾನಗಿರಿಯನ್ನು ಬಿಟ್ಟುದು ಯಾವ ಪ್ರಶ್ನೆಯ ನಿಮಿತ್ತವಾಗಿಯೋ, ಆ ಪ್ರಶ್ನೆಯನ್ನು ಎತ್ತಿದವರಲ್ಲಿ ನಮ್ಮ ಸಮಾಜದ ಹಿರಿಯರೂ ಇದ್ದರು. ಇದು ಎರಡನೆಯ ಕಾರಣವು. ನೂರಕ್ಕೂ ಮಿಕ್ಕ ವರ್ಷಗಳು ಕಳೆದಿರುವ ಈಗ, ರಾಗದ್ವೇಷಗಳಿಲ್ಲದೆ ಆ ವಿಷಯವನ್ನು ವಿಚಾರಿಸುವುದು ಯೋಗ್ಯವೆಂದು ನಾವು ಭಾವಿಸಿದ್ದೇವೆ.

ವಿಶ್ವೇಶ್ವರಯ್ಯನವರು 1861ನೆಯ ಇಸವಿಯಲ್ಲಿ ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಅವರ ಪೂರ್ವಿಕರು ಆಂಧ್ರದೇಶದ ಮೋಕ್ಷಗುಂಡವೆಂಬ ಊರಿನಿಂದ ಬಂದವರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತದಲ್ಲಿ ಪಂಡಿತರು. ಮನೆಯಲ್ಲಿ ವಿದ್ಯೆಯಿದ್ದರೂ ಐಶ್ವರ್ಯವಿರಲಿಲ್ಲ. ಬಾಲ್ಯದಲ್ಲಿಯೇ ಪಿತೃವಿಯೋಗವಾಗಲು, ಬಾಲಕನು ಚಿಕ್ಕಬಳ್ಳಾಪುರದ ಶಾಲೆಯನ್ನು ಮುಗಿಸಿ, ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯವನ್ನು ಪಡೆದನು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಇತರರ ಮಕ್ಕಳಿಗೆ ಮನೆಪಾಠವನ್ನು ಹೇಳಿ, ಅದರಿಂದ ತನ್ನ ಖರ್ಚನ್ನು ನಿರ್ವಹಿಸಿಕೊಂಡನು. ಹೀಗೆ 1881ರಲ್ಲಿ ಬಿ.ಎ. ಪದವಿ ದೊರೆಯಿತು. ಅನಂತರ ಮೈಸೂರು ಸರ್ಕಾರವು ಕೊಟ್ಟ ವಿದ್ಯಾರ್ಥಿವೇತನದ ಬಲದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವರಾಗಿ ತೇರ್ಗಡೆ ಹೊಂದಿದರು. ಈ ವಿದ್ಯಾರ್ಥಿವೇತನದ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಬಡ ಹುಡುಗನೊಬ್ಬನು ರಾಜ್ಯದ ಹಣದಿಂದ ಓದಿ ಮೇಲೆ ಬಂದನೆಂಬುದು ಈ ಚರಿತ್ರದ ಬೇರಿನಲ್ಲಿಯೇ ಇರುವ ಸಂಗತಿಯು.

1884ರಲ್ಲಿ ಅವರು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರರಾಗಿ ನಾಸಿಕದಲ್ಲಿ ಕೆಲಸಕ್ಕೆ ಸೇರಿದರು. ಇಪ್ಪತ್ತನಾಲ್ಕು ವರ್ಷಗಳ ಆ ಸೇವೆಯ ವಿವರಗಳನ್ನೆಲ್ಲ ಇಲ್ಲಿ ಬರೆಯಲು ಸ್ಥಳವಿಲ್ಲ. ಸಿಂಧ್ ಪ್ರಾಂತದ ಸುಕ್ಕೂರಿನಲ್ಲಿ ಸಿಂಧೂನದಿಯ ಕೆಸರು ನೀರು ಮರಳಿನ ಮೂಲಕ ತಾನೇ ಸೋಸಿ ಬರುವಂತೆ ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೆಗೆಯಿಸಿ, ಪಟ್ಟಣಕ್ಕೆ ಶುದ್ಧ ಜಲವನ್ನು ಒದಗಿಸಿದರು. 1906ರಲ್ಲಿ ಏಡನ್ ಬಂದರಿಗೆ ಹೋಗಿ ಅಲ್ಲಿನ ನೀರು ಸರಬರಾಜಿಗೂ ಚರಂಡಿಗಳಿಗೂ ಯೋಜನೆಯನ್ನು ಸಿದ್ಧಮಾಡಿದರು. ಆದರೆ ಅವರ ಮನೋಧರ್ಮವನ್ನು ತಿಳಿಯಲು ಎರಡು ಕೆಲಸಗಳನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ನೋಡಿದರೆ ಸಾಕು.

ಮೊದಲನೆಯದು, ಪುಣೆಯ ಹತ್ತಿರದ ಖಡಕವಾಸಲಾ ಜಲಾಶಯದ ಬಾಗಿಲುಗಳು. ಮಳೆಗಾಲದಲ್ಲಿ ಕೆರೆಯು ತುಂಬಿ, ಹೆಚ್ಚಿನ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿದ್ದಿತು. ಕಟ್ಟೆಯನ್ನು ಎತ್ತರಿಸಲು ಬಹಳ ಹಣ ಬೇಕು. ಅವರು ಕೋಡಿಯ ಮೇಲೆ ಒಂದು ಬಗೆಯ ಬಾಗಿಲುಗಳನ್ನು ಅಳವಡಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಅವು ತಾವಾಗಿಯೇ ತೆರೆಯುವುವು. ಪ್ರವಾಹವಿಳಿದೊಡನೆ ತಾವಾಗಿಯೇ ಮುಚ್ಚುವುವು. ಕಾವಲಿನವನು ಎಚ್ಚರದಿಂದಿರಲಿ, ನಿದ್ರಿಸುತ್ತಿರಲಿ, ಅಪಾಯವಿಲ್ಲ. 1903ರಲ್ಲಿ ಈ ಬಾಗಿಲುಗಳನ್ನು ಹಾಕಿದ ಮೇಲೆ ಕಟ್ಟೆಯನ್ನು ಬೆಳೆಸದೆಯೇ ಜಲಾಶಯದ ಮಟ್ಟವು ಸುಮಾರು 8 ಅಡಿ ಏರಿತು. ಆ ಕಲ್ಪನೆಗೆ ಅವರ ಹೆಸರಿನಲ್ಲಿ ಹಕ್ಕುಪತ್ರವೂ ದೊರೆಯಿತು. ಆದರೆ ತಾನು ಸಂಬಳವನ್ನು ಪಡೆಯುತ್ತ ಮಾಡಿದ ಕೆಲಸಕ್ಕೆ ಬೇರೆ ಪ್ರತಿಫಲವು ಸಲ್ಲದೆಂದು ಬಗೆದು, ಅದರಿಂದ ಬರಬಹುದಾಗಿದ್ದ ಹಣವನ್ನು ಅವರು ಸ್ವೀಕರಿಸಲಿಲ್ಲ. ಆಯ್ದಕ್ಕಿ ಮಾರಯ್ಯಗಳು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತರಲು, ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಕಳುಹಿಸಿದ ಕಥೆಯನ್ನು ನಮ್ಮ ಭಕ್ತರೆಲ್ಲರೂ ಬಲ್ಲರು. ಕಾಲ ಬೇರೆ, ಕಸಬು ಬೇರೆ. ಆದರೆ ಮನಸ್ಸಿನ ನಡೆ ಒಂದೇ ಆಗಿದೆಯಲ್ಲವೆ?

ಎರಡನೆಯದು, ನೀರಾವರಿಯಲ್ಲಿ ಅವರು ತಂದ ಬ್ಲಾಕ್ ಪದ್ಧತಿಯು. ದಖನ್ ಪ್ರಾಂತದ ನಾಲೆಗಳಲ್ಲಿ ತಲೆಭಾಗದ ಊರುಗಳವರು ಕಬ್ಬಿಗೆ ಬೇಕಾದಷ್ಟು ನೀರನ್ನು ಹಾಯಿಸಿಕೊಳ್ಳುತ್ತಿದ್ದರು. ಅವರ ಭೂಮಿಯು ಜೌಗು ಹಿಡಿದು ಕೆಡುತ್ತಿದ್ದಿತು. ಕೊನೆಯ ಊರುಗಳಿಗೆ ನೀರೇ ಮುಟ್ಟುತ್ತಿರಲಿಲ್ಲ. ಅವರು ಪ್ರತಿ ಊರಿನಲ್ಲಿಯೂ ನೀರು ಪಡೆಯುವ ಭೂಮಿಯನ್ನು ಗೊತ್ತಾದ ತುಂಡುಗಳಾಗಿ ವಿಂಗಡಿಸಿ, ಕಬ್ಬು, ಬತ್ತ, ಅಲ್ಪ ನೀರಿನ ಬೆಳೆ ಇವು ಸರದಿಯಂತೆ ಬರುವಂತೆ ಏರ್ಪಡಿಸಿದರು. ಇದರಿಂದ ಅಷ್ಟೇ ನೀರು ಹೆಚ್ಚು ಊರುಗಳಿಗೆ ಹಂಚಲ್ಪಡುವುದು. ಮೊದಲು ರೈತರು ಇದನ್ನು ಸಂಶಯದಿಂದ ನೋಡಿದರೂ ಕ್ರಮೇಣ ಅದರ ಗುಣವು ವ್ಯಕ್ತವಾಯಿತು. ನೀರು ತಾನಾಗಿ ಹರಿದರೆ ಹತ್ತಿರದವನ ಹೊಲವನ್ನೇ ಸೇರುವುದೆಂಬುದನ್ನೂ, ದೂರದವನಿಗೆ ಮುಟ್ಟಬೇಕಾದರೆ ನಿಯಮದ ಕಟ್ಟು ಬೇಕೆಂಬುದನ್ನೂ ಅವರು ಆಗಲೇ ಕಂಡುಕೊಂಡಿದ್ದರು. ಈ ಸಂಗತಿಯನ್ನೂ ವಾಚಕರು ಮರೆಯಬಾರದು.

ಇಷ್ಟು ಯೋಗ್ಯತೆಯುಳ್ಳವರಾದರೂ ಮುಂಬಯಿ ಪ್ರಾಂತದಲ್ಲಿ ಅವರ ಮುಂದಣ ದಾರಿಯು ಮುಚ್ಚಿದ್ದಿತು. ಮುಖ್ಯ ಇಂಜಿನಿಯರ್ ಪದವಿಯು ಆ ಕಾಲದಲ್ಲಿ ಆಂಗ್ಲರಿಗೆ ಮೀಸಲಾದಂತೆಯೇ ಇದ್ದಿತು. ಭಾರತೀಯನೊಬ್ಬನು ಎಷ್ಟೇ ದಕ್ಷನಾದರೂ ಆ ಬಾಗಿಲು ತೆರೆಯುವಂತಿರಲಿಲ್ಲ. ಇದನ್ನು ಚೆನ್ನಾಗಿ ಅರಿತು ಅವರು 1908ರಲ್ಲಿ ಸ್ವಇಚ್ಛೆಯಿಂದ ನಿವೃತ್ತರಾಗಿ ವಿದೇಶ ಪ್ರವಾಸಕ್ಕೆ ಹೊರಟರು. ಅದೇ ವರ್ಷ ಸೆಪ್ಟೆಂಬರ್ ತಿಂಗಳಿನಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದ್ ನಗರದಲ್ಲಿ ಸಹಸ್ರಾರು ಜನರು ಪ್ರಾಣವನ್ನು ಕಳೆದುಕೊಂಡರು. ನಿಜಾಮ ಸರ್ಕಾರದ ಆಹ್ವಾನದ ಮೇರೆಗೆ ಅವರು ಅಲ್ಲಿಗೆ ಬಂದು, ಪ್ರವಾಹವನ್ನು ತಡೆದು ನಿಲ್ಲಿಸಲು ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟುವ ಯೋಜನೆಯನ್ನು ಕೊಟ್ಟರು. ಮುಂದೆ ನಿರ್ಮಿತವಾದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅದರ ಫಲವು.

ಈ ಸಮಯದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾಗಬೇಕೆಂದು ಕರೆ ಬಂದಿತು. ಪದವಿಯನ್ನು ಒಪ್ಪುವ ಮೊದಲು ಅವರು ಸಂಬಳವನ್ನು ಕೇಳಲಿಲ್ಲ. ಕೈಗಾರಿಕೆಗಳನ್ನೂ ಔದ್ಯೋಗಿಕ ಶಿಕ್ಷಣವನ್ನೂ ಬೆಳೆಸಲು ತನಗೆ ಅವಕಾಶವಿರುವುದೋ ಎಂದು ಮಾತ್ರ ವಿಚಾರಿಸಿದರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರದಿಂದ ಅನುಕೂಲವಾದ ಉತ್ತರವು ಬರಲು, 1909ರ ನವೆಂಬರಿನಲ್ಲಿ ಅಧಿಕಾರವನ್ನು ವಹಿಸಿಕೊಂಡರು.

ಕನ್ನಂಬಾಡಿಯ ಕಟ್ಟೆಯ ವಿಷಯವು ಆಬಾಲವೃದ್ಧರಿಗೂ ಗೊತ್ತಿರುವುದು. ಶಿವಸಮುದ್ರದ ವಿದ್ಯುಚ್ಛಕ್ತಿಯು 1902ರಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿದ್ದರೂ ಬೇಸಗೆಯಲ್ಲಿ ಕಾವೇರಿಯ ನೀರು ಸಾಲದೆ ಬರುತ್ತಿದ್ದಿತು. ನದಿಗೆ ಅಡ್ಡಲಾಗಿ ದೊಡ್ಡ ಕಟ್ಟೆಯನ್ನು ಕಟ್ಟಿದರೆ ಗಣಿಗಳಿಗೆ ಶಕ್ತಿಯೂ ಮಂಡ್ಯದ ಸೀಮೆಯ ಒಣಭೂಮಿಗೆ ನೀರೂ ದೊರೆಯುವುವೆಂದು ಅವರು ಲೆಕ್ಕವನ್ನಿಟ್ಟರು. ಇಷ್ಟು ದೊಡ್ಡ ವೆಚ್ಚಕ್ಕೆ ರಾಜ್ಯದಲ್ಲಿ ಹಿಂದೆ ಮುಂದೆ ನೋಡಿದವರುಂಟು. ಆದರೂ 1911ರಲ್ಲಿ ಮಹಾರಾಜರವರ ಮಂಜೂರಾತಿಯಾಗಿ ಕೆಲಸವು ಆರಂಭವಾಯಿತು. ಕೆಳಗಣ ಮದರಾಸು ಸರ್ಕಾರದ ಆಕ್ಷೇಪಣೆಯಿಂದ ಮೊದಲಲ್ಲಿ 80 ಅಡಿಗಳ ಎತ್ತರಕ್ಕೆ ಮಾತ್ರ ಒಪ್ಪಿಗೆ ದೊರೆತರೂ, ಮುಂದೆ ಪೂರ್ಣ ಎತ್ತರಕ್ಕೆ ಬೇಕಾಗುವಷ್ಟು ಅಗಲವಾದ ತಳಹದಿಯನ್ನೇ ಅವರು ಹಾಕಿಸಿದರು. ಸಿಮೆಂಟಿಗೆ ಬದಲಾಗಿ ಸುಣ್ಣ ಮತ್ತು ಸುರ್ಕಿಯ ಗಾರೆಯನ್ನು ಬಳಸಿದರು. 1924ರಲ್ಲಿ ಎರಡು ಸರ್ಕಾರಗಳಿಗೂ ಒಡಂಬಡಿಕೆಯಾಗಿ, ಮುಂದಿನ ದಶಕದ ಮೊದಲಲ್ಲಿ ಕಟ್ಟೆಯು 124 ಅಡಿಗಳ ಎತ್ತರಕ್ಕೆ ಪೂರ್ಣವಾಯಿತು. ಆಗ ಅವರು ಅಧಿಕಾರವನ್ನು ಬಿಟ್ಟು ಹತ್ತಾರು ವರ್ಷಗಳಾಗಿದ್ದವು. ಆದರೆ ಅವರು ಹಾಕಿದ ತಳಹದಿಯು ಕಾದಿದ್ದಿತು. ಈ ನೀರಿನಲ್ಲಿ ಹಳೆಯ ಕನ್ನಂಬಾಡಿಯೂ ಸುತ್ತಣ ಊರುಗಳೂ ಮುಳುಗಿದವೆಂಬುದನ್ನು, ಅಲ್ಲಿನ ಜನರು ಮನೆಮಠಗಳನ್ನು ಬಿಟ್ಟು ಹೋದರೆಂಬುದನ್ನು ನೀರುಂಡವರು ಕೃತಜ್ಞತೆಯಿಂದ ಸ್ಮರಿಸಬೇಕು.

1912ರ ನವೆಂಬರಿನಲ್ಲಿ ಮಹಾರಾಜರವರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಆ ಪೀಠದಲ್ಲಿ ಅದುವರೆಗೆ ಇಂಜಿನಿಯರನೊಬ್ಬನು ಕುಳಿತುದಿಲ್ಲ. ಕಂದಾಯ, ನ್ಯಾಯಗಳಲ್ಲಿ ಪಳಗಿದವರೇ ದಿವಾನರಾಗುವುದು ವಾಡಿಕೆಯಾಗಿದ್ದಿತು. ಈಗ ಅಳತೆಗೋಲನ್ನು ಹಿಡಿದ ಕೈಗೆ ರಾಜಮುದ್ರೆಯು ಬಂದಿತು. ರಾಜ್ಯವನ್ನೂ ಅವರು ಒಂದು ದೊಡ್ಡ ಕಟ್ಟಡದಂತೆಯೇ ಕಂಡರು: ಮೊದಲು ಅಳತೆ, ಬಳಿಕ ನಕ್ಷೆ, ಬಳಿಕ ಅಂದಾಜು, ಕೊನೆಗೆ ಗೊತ್ತಾದ ದಿನಕ್ಕೆ ಮುಗಿಯುವ ಕೆಲಸ. ಅವರ ಪ್ರೇರಣೆಯಿಂದ 1911ರಲ್ಲಿಯೇ ಆರಂಭವಾಗಿದ್ದ ಆರ್ಥಿಕ ಸಮ್ಮೇಳನವು ವ್ಯವಸಾಯ, ಕೈಗಾರಿಕೆ, ಶಿಕ್ಷಣಗಳೆಂಬ ಮೂರು ದಾರಿಗಳಲ್ಲಿ ನಾಡಿನ ಸ್ಥಿತಿಯನ್ನು ವಿಚಾರಿಸತೊಡಗಿತು.

ಆರು ವರ್ಷಗಳಲ್ಲಿ ಆದ ಕೆಲಸಗಳನ್ನು ನೋಡಿದರೆ ಆಶ್ಚರ್ಯವಾಗುವುದು. 1913ರಲ್ಲಿ ಮೈಸೂರು ಬ್ಯಾಂಕು ಸ್ಥಾಪಿತವಾಯಿತು. ಅದು ನೂರು ವರ್ಷಗಳನ್ನು ದಾಟಿ ಬಾಳಿ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಅದೇ 1913ರಲ್ಲಿ ಕಡ್ಡಾಯವಾದ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನಾಯಿತು. ಹೆಬ್ಬಾಳದಲ್ಲಿ ವ್ಯವಸಾಯ ಶಾಲೆಯಾಯಿತು. 1915ರಲ್ಲಿ ಆರ್ಥಿಕ ಸಮ್ಮೇಳನದ ಸಲಹೆಯಿಂದ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ದೇಶೀಯ ಸಂಸ್ಥಾನಗಳಲ್ಲಿ ಇದೇ ಮೊದಲನೆಯದು. ಯುದ್ಧದ ನಿಮಿತ್ತ ಗಂಧದ ಮರದ ಹೊರದೇಶದ ವ್ಯಾಪಾರವು ನಿಂತುಹೋಗಲು, ನಾಡಿನಲ್ಲಿಯೇ ಗಂಧದೆಣ್ಣೆಯನ್ನು ತೆಗೆಯುವ ಕಾರ್ಖಾನೆಯೂ ಬಳಿಕ ಸಾಬೂನಿನ ಕಾರ್ಖಾನೆಯೂ ಎದ್ದವು. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಶಿಕ್ಷಣಕ್ಕೆ ಏರ್ಪಾಡಾಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬೀಜವು ಬಿದ್ದುದೂ ಈ ಕಾಲದಲ್ಲಿಯೇ. ಶಾಸನಸಭೆಯ ಸದಸ್ಯರಿಗೆ ಆಯವ್ಯಯವನ್ನು ಚರ್ಚಿಸುವ ಅಧಿಕಾರವೂ ದೊರೆಯಿತು.

ಇಷ್ಟಾದರೂ ನಾಡಿನಲ್ಲಿ ಒಂದು ಅಸಮಾಧಾನವು ಬೆಳೆಯುತ್ತಿದ್ದಿತು. ಸರ್ಕಾರದ ಉನ್ನತ ಉದ್ಯೋಗಗಳಲ್ಲಿದ್ದವರು ಬಹುಮಟ್ಟಿಗೆ ಬ್ರಾಹ್ಮಣ ಸಮಾಜದವರು. ಇಂಗ್ಲಿಷ್ ವಿದ್ಯೆಯನ್ನು ಅವರು ಮೊದಲು ಹಿಡಿದಿದ್ದರು. ಜನಸಂಖ್ಯೆಯಲ್ಲಿ ಬಹಳರಾಗಿದ್ದು ಕಂದಾಯದ ಭಾರವನ್ನು ಹೊತ್ತಿದ್ದ ಒಕ್ಕಲಿಗರು, ಲಿಂಗವಂತರು ಮೊದಲಾದವರ ಮಕ್ಕಳಿಗೆ ಕಚೇರಿಯ ಬಾಗಿಲು ದೂರವಾಗಿದ್ದಿತು. 1917ರಲ್ಲಿ ಒಕ್ಕಲಿಗರು, ಲಿಂಗವಂತರು, ಮುಸಲ್ಮಾನರು ಮೊದಲಾದವರು ಒಂದುಗೂಡಿ ಪ್ರಜಾಮಿತ್ರ ಮಂಡಲಿಯನ್ನು ಸ್ಥಾಪಿಸಿ, ಮಾರನೆಯ ವರ್ಷ ಮಹಾರಾಜರವರ ಸನ್ನಿಧಿಯಲ್ಲಿ ವಿಜ್ಞಾಪನೆಯನ್ನು ಅರ್ಪಿಸಿದರು. ನಮ್ಮ ಸಮಾಜದ ಶ್ರೀ ಎಂ. ಬಸವಯ್ಯನವರು ಆ ಮಂಡಲಿಯ ಮುಖಂಡರಲ್ಲೊಬ್ಬರು. ಮಹಾರಾಜರವರು 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು.

ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರ ಅಭಿಪ್ರಾಯವು ಹೀಗಿದ್ದಿತು: ಹಿಂದುಳಿದ ಸಮಾಜಗಳನ್ನು ಮೇಲೆತ್ತಲು ವಿದ್ಯಾರ್ಥಿವೇತನಗಳನ್ನೂ ಶಾಲೆಗಳನ್ನೂ ಬೇಕಾದಷ್ಟು ಹೆಚ್ಚಿಸಬೇಕು, ಆದರೆ ಉದ್ಯೋಗವನ್ನು ಕೊಡುವಾಗ ಯೋಗ್ಯತೆಯೊಂದೇ ಅಳತೆಯಾಗಬೇಕು, ಜಾತಿಯ ಪಾಲನ್ನು ಗೊತ್ತುಮಾಡಿದರೆ ಆಡಳಿತವು ಸಡಿಲವಾಗಿ ನಾಡಿನ ಉತ್ಪತ್ತಿಯೇ ಕುಗ್ಗುವುದು. ಇದನ್ನು ಸ್ವಜಾತಿಯ ಪಕ್ಷಪಾತವೆಂದು ಹಳಿದವರು ಆಗ ಅನೇಕರಿದ್ದರು. ನಮಗೆ ಹಾಗೆ ತೋರುವುದಿಲ್ಲ. ಮನೆಪಾಠವನ್ನು ಹೇಳಿ, ವಿದ್ಯಾರ್ಥಿವೇತನವನ್ನು ಪಡೆದು, ಪರೀಕ್ಷೆಯಲ್ಲಿ ಮೊದಲನೆಯವನಾಗಿ ಮೇಲೆ ಬಂದವನಿಗೆ ಆ ದಾರಿಯೇ ಎಲ್ಲರ ದಾರಿಯೆಂದು ತೋರುವುದು ಸ್ವಭಾವವಲ್ಲವೆ?

ಆದರೆ ನಮ್ಮ ಹಿರಿಯರ ಪಕ್ಷದಲ್ಲಿಯೂ ಸತ್ಯವಿದ್ದಿತೆಂಬುದನ್ನು ಹೇಳದಿದ್ದರೆ ಅಧರ್ಮವಾಗುವುದು. ಮುಂಬಯಿಯಲ್ಲಿ ಯೋಗ್ಯತೆಯಿದ್ದೂ ಜನ್ಮದ ಕಾರಣದಿಂದ ತನಗೆ ಮುಚ್ಚಿದ್ದ ಬಾಗಿಲನ್ನು ಅವರು ಸ್ವತಃ ಕಂಡವರು. ತಲೆಭಾಗದವರ ಹೊಲವನ್ನೇ ನೀರು ಮೊದಲು ಸೇರುವುದೆಂದು ತಿಳಿದು, ಕೊನೆಯ ಊರಿಗೆ ನಿಯಮದಿಂದ ಪಾಲು ಕೊಡಿಸಿದವರೂ ಅವರೇ. ವಿದ್ಯೆಯ ನಾಲೆಯಲ್ಲಿಯೂ ಅಧಿಕಾರದ ನಾಲೆಯಲ್ಲಿಯೂ ತಲೆಭಾಗ, ಕೊನೆಭಾಗಗಳುಂಟೆಂಬುದು ಆ ಸೂಕ್ಷ್ಮಮತಿಗೆ ಹೊಳೆಯದೆ ಹೋಯಿತು. ಇಲ್ಲವೆ, ಹೊಳೆದರೂ ಅದಕ್ಕೆ ಶಾಲೆಯೊಂದೇ ಸಾಕೆಂದು ತೋರಿತು. ಶಾಲೆಗೆ ಮಕ್ಕಳನ್ನು ಕಳುಹಿಸುವ ರೈತನಿಗೆ, ಆ ಶಾಲೆಯ ಆಚೆ ಒಂದು ಬಾಗಿಲು ತೆರೆದಿರುವುದೆಂಬ ನಂಬಿಕೆಯೂ ಬೇಕು. ಆ ನಂಬಿಕೆಯನ್ನೇ ನಮ್ಮ ಹಿರಿಯರು ಬೇಡಿದರು.

ಭಿನ್ನಾಭಿಪ್ರಾಯವು ತೀರದೆ ಹೋಗಲು, 1918ರ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ಹಿಂದೆ ಸರಿದರು. ತಾನು ನಂಬದ ಕೆಲಸವನ್ನು ಪದವಿಯ ಆಸೆಯಿಂದ ನಡೆಸಲಿಲ್ಲ. ಪದವಿಯಲ್ಲಿ ಉಳಿದು ಗುಟ್ಟಾಗಿ ಅಡ್ಡಿಯನ್ನೂ ಮಾಡಲಿಲ್ಲ. ಒಡೆಯನ ಇಚ್ಛೆಯೊಂದು, ತನ್ನ ಮನಸ್ಸಾಕ್ಷಿಯೊಂದು ಆದಾಗ ಸೇವಕನು ಮಾಡಬೇಕಾದುದು ಇಷ್ಟೇ. 1919ರಲ್ಲಿ ಮಿಲ್ಲರ್ ಸಮಿತಿಯು ವರದಿಯನ್ನು ಒಪ್ಪಿಸಿತು. ಏಳು ವರ್ಷಗಳೊಳಗೆ ಉನ್ನತ ಉದ್ಯೋಗಗಳಲ್ಲಿ ಅರ್ಧವೂ ಕೆಳಗಿನ ಉದ್ಯೋಗಗಳಲ್ಲಿ ಮೂರರಲ್ಲಿ ಎರಡು ಪಾಲೂ ಬ್ರಾಹ್ಮಣೇತರರಿಗೆ ದೊರೆಯಬೇಕೆಂಬುದು ಅದರ ಮುಖ್ಯ ಸಲಹೆಯಾಗಿದ್ದಿತು.

ಪದವಿಯನ್ನು ಬಿಟ್ಟ ಮೇಲೆ ಮುನಿಸಿನಿಂದ ನಾಡನ್ನು ಮರೆತವರಲ್ಲ ಅವರು. ಭದ್ರಾವತಿಯ ಕಾರ್ಖಾನೆಯು 1923ರಲ್ಲಿ ಕೆಲಸವನ್ನಾರಂಭಿಸಿ ನಷ್ಟದಲ್ಲಿ ನರಳುತ್ತಿದ್ದಾಗ, ಮಹಾರಾಜರವರ ಕರೆಗೆ ಓಗೊಟ್ಟು ಅದರ ಭಾರವನ್ನು ಹೊತ್ತು 1929ರವರೆಗೆ ನಡೆಸಿ, ಅದನ್ನು ದೃಢಪಡಿಸಿದರು. ಆ ಸೇವೆಗಾಗಿ ತನಗೆ ಸಲ್ಲಬೇಕಾಗಿದ್ದ ಹಣವನ್ನು ಕೈಯಲ್ಲಿ ಮುಟ್ಟದೆ, ಯುವಕರಿಗೆ ಕಸಬುಗಳನ್ನು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗವಾಗುವಂತೆ ಮಾಡಿದರು. ಬೆಂಗಳೂರಿನ ಆ ಸಂಸ್ಥೆಗೆ ತಮ್ಮ ಹೆಸರನ್ನು ಇಡಗೊಡದೆ ಶ್ರೀ ಜಯಚಾಮರಾಜೇಂದ್ರ ಒಡೆಯರವರ ಹೆಸರನ್ನು ಇಡಿಸಿದರು. 1934ರಲ್ಲಿ ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು ಅವರು ಬರೆದ ಗ್ರಂಥವು ಪ್ರಸಿದ್ಧವಾದುದು. 1955ರಲ್ಲಿ ಭಾರತರತ್ನ ಪ್ರಶಸ್ತಿಯು ಅವರನ್ನು ಅರಸಿ ಬಂದಿತು. ಶತಾಯುಷಿಗಳಾಗಿ 1962ರ ಏಪ್ರಿಲಿನಲ್ಲಿ ಅವರು ದೇಹವನ್ನು ಬಿಟ್ಟರು. ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿರುವುದು.

ಕಾಲವು ಎರಡು ಪಕ್ಷಗಳಿಗೂ ತನ್ನ ತೀರ್ಪನ್ನು ಕೊಟ್ಟಿದೆ. ಹಿಂದುಳಿದವರಿಗೆ ಪಾಲನ್ನು ಕೊಟ್ಟುದರಿಂದ ಮೈಸೂರಿನ ಆಡಳಿತವು ಕುಸಿಯಲಿಲ್ಲ. ನಮ್ಮ ಹಿರಿಯರ ಬೇಡಿಕೆಯು ನ್ಯಾಯವಾದುದೆಂದು ಸಿದ್ಧವಾಯಿತು. ಹಾಗೆಯೇ, ವಿದ್ಯೆಯಿಲ್ಲದೆ ಪಾಲು ಮಾತ್ರ ದೊರೆತರೆ ಫಲವಿಲ್ಲವೆಂಬ ದಿವಾನರ ಎಚ್ಚರಿಕೆಯೂ ಸುಳ್ಳಾಗಲಿಲ್ಲ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯದ ಹೊಲಗಳಿಗೆ ಹರಿದು, 1933ರಲ್ಲಿ ಅಲ್ಲಿ ಸಕ್ಕರೆ ಕಾರ್ಖಾನೆಯೂ ಆಗಲು, ಯಾವ ರೈತರು ಅವರ ನೀತಿಯನ್ನು ವಿರೋಧಿಸಿದ್ದರೋ ಅಂತಹ ರೈತರ ಮನೆಗಳಲ್ಲಿಯೇ ಮಕ್ಕಳನ್ನು ಪಟ್ಟಣಕ್ಕೆ ಕಳುಹಿಸಿ ಓದಿಸುವ ಶಕ್ತಿ ಬಂದಿತು. ಕಚೇರಿಯ ಬಾಗಿಲಲ್ಲಿ ಅವರು ತಡೆದುದನ್ನು ಹೊಲದ ಬದುವಿನಲ್ಲಿ ಅವರೇ ಕೊಟ್ಟಿದ್ದರು.

ಈ ಎರಡು ಸತ್ಯಗಳನ್ನೂ ಕೂಡಿಸಿದವರು ನಮ್ಮ ಮಠಗಳ ಪೂಜ್ಯರು. ಪ್ರಜಾಮಿತ್ರ ಮಂಡಲಿಯು ಹುಟ್ಟಿದ 1917ರಲ್ಲಿಯೇ ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಉದ್ದಾನ ಶಿವಯೋಗಿಗಳವರು ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದರು. ಮುಂದೆ ನಾಡಿನ ಅನೇಕ ಮಠಗಳಲ್ಲಿ ಬಡ ವಿದ್ಯಾರ್ಥಿಗಳಿಗೆ ಪ್ರಸಾದ ನಿಲಯಗಳು ತೆರೆದವು. ಭಕ್ತರು ಹೊಲದಿಂದ ತಂದೊಪ್ಪಿಸಿದ ರಾಗಿ ಜೋಳಗಳಿಂದ ಸಹಸ್ರಾರು ಮಕ್ಕಳು ಉಂಡು ಓದಿದರು. ಜಾತಿಯನ್ನು ಕೇಳದೆ ಅನ್ನವನ್ನಿಕ್ಕಿದ ಮಠಗಳೂ ಉಂಟು. ಬಾಗಿಲು ತೆರೆಯಬೇಕೆಂದು ಬೇಡುವುದು ಹೇಗೆ ಧರ್ಮವೋ, ತೆರೆದ ಬಾಗಿಲನ್ನು ಹೊಗಲು ಯೋಗ್ಯರನ್ನು ಸಿದ್ಧಮಾಡುವುದೂ ಹಾಗೆಯೇ ಧರ್ಮವು. ಶ್ರೀಮಠದ ದಾಸೋಹಕ್ಕೆ ಒಂದು ಹಿಡಿ ಧಾನ್ಯವನ್ನು ತರುವ ಭಕ್ತನೂ ಈ ಕಾರ್ಯದಲ್ಲಿ ಪಾಲುಗಾರನೇ ಆಗಿರುವನು.

ವಿರೋಧಿಸಿದವರ ಗುಣವನ್ನು ಮರೆಯುವುದು ಅಲ್ಪರ ಲಕ್ಷಣವು. ಗುಣವನ್ನು ಹೊಗಳುವ ಭರದಲ್ಲಿ ತಮ್ಮವರ ನೋವನ್ನು ಮುಚ್ಚಿಡುವುದು ಭೀರುಗಳ ಲಕ್ಷಣವು. ಇವೆರಡನ್ನೂ ಬಿಟ್ಟು, ಆ ಕಾಯಕಯೋಗಿಗಳ ಚರಿತ್ರವನ್ನು ಓದಿದ ಶ್ರೀಮಠದ ಶಿಷ್ಯರು ಅವರಿಂದ ಕಾಲನಿಷ್ಠೆಯನ್ನೂ ಶುದ್ಧಹಸ್ತವನ್ನೂ ಕಲಿಯಲಿ. ನಮ್ಮ ಹಿರಿಯರಿಂದ ನ್ಯಾಯಕ್ಕಾಗಿ ವಿನಯದಿಂದಲೂ ಧೈರ್ಯದಿಂದಲೂ ನಿಲ್ಲುವುದನ್ನು ಕಲಿಯಲಿ. ನಾಲೆಯ ಕೊನೆಯ ಹೊಲಕ್ಕೂ ನೀರು ಮುಟ್ಟುವಂತಾಗಲೆಂದು ಶ್ರೀ ಗುರುಚರಣಗಳಲ್ಲಿ ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.

ಮಂಗಳಮಸ್ತು.